ನಿದಾನವಿಲ್ಲದ ದುರಸ್ತಿ

ಸಂಸ್ಕೃತದಲ್ಲಿ ‘ನಿದಾನ’ವೆಂದರೆ ಮೂಲಕಾರಣ. ವೈದ್ಯಶಾಸ್ತ್ರದಲ್ಲಿ ರೋಗದ ಹುಟ್ಟನ್ನು ಅರಿಯುವ ಕ್ರಮಕ್ಕೂ ಇದೇ ಹೆಸರು. ಮಾಧವಕರನೆಂಬ ಪ್ರಾಚೀನ ಪಂಡಿತನ ‘ಮಾಧವನಿದಾನ’ವೆಂಬ ಗ್ರಂಥವು ಆದ್ಯಂತ ಈ ವಿಷಯಕ್ಕೇ ಮೀಸಲಾಗಿದೆ. ಸಾವಕಾಶವೆಂಬ ಅರ್ಥದಲ್ಲಿ ನಾವು ದಿನವೂ ಆಡುವ ‘ನಿಧಾನ’ವು ಬೇರೆಯೇ ಶಬ್ದ. ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತ ಮತ್ತು ಕನ್ನಡಗಳನ್ನು ಕಲಿಸಿದ ನಾನು, ಅಲ್ಪಪ್ರಾಣ ಮಹಾಪ್ರಾಣಗಳ ಈ ಭೇದವನ್ನು ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಕೆಂಪು ಮಸಿಯಿಂದ ತಿದ್ದಿದ್ದೇನೆ. ಆದರೆ ಈ ಎರಡೂ ಶಬ್ದಗಳು ನನ್ನ ಬದುಕಿನಲ್ಲಿ ಒಟ್ಟಿಗೆ ಅರ್ಥವಾದದ್ದು 2024ರ ಬೇಸಿಗೆಯಲ್ಲಿ. ಅರ್ಥಮಾಡಿಸಿದ್ದು ನಮ್ಮ ಕಾರಿನಲ್ಲಿ ಕೆಟ್ಟುಹೋದ ಎ.ಸಿ. ಕಂಪ್ರೆಸರ್. ಈ ಪತ್ರಿಕೆಯ ಪುಟಗಳಲ್ಲಿ ಇದೆಂತಹ ವಿಷಯವೆಂದು ಓದುಗರು ಹುಬ್ಬೇರಿಸಬಾರದು. ಇಂದು ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ, ಎಷ್ಟೋ ಮನೆಗಳಲ್ಲಿ ರೋಗಿಗಳೂ ವೃದ್ಧರೂ ಇದ್ದಾರೆ. ನಾನು ತೆತ್ತ ದಂಡವನ್ನು ಇನ್ನೊಬ್ಬರು ತೆರಬಾರದೆಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಬಾಲ್ಯ ಮತ್ತು ವಿದ್ಯಾಭ್ಯಾಸ ಮಠದ ಪ್ರಸಾದನಿಲಯದಲ್ಲಿ ನಡೆದವು. ನಸುಕಿನ ನಾಲ್ಕಕ್ಕೆ ತಣ್ಣೀರ ಸ್ನಾನ, ಕಲ್ಲುಹಾಸಿನ ಮೇಲೆ ಒಂದು ಚಾಪೆ, ಕಡುಬೇಸಿಗೆಯಲ್ಲೂ ಬೀಸಣಿಗೆ ಇಲ್ಲ. ಚಳಿಯನ್ನೂ ಬಿಸಿಲನ್ನೂ ಸಮನಾಗಿ ಕಾಣಬೇಕೆಂಬ ಗುರುಗಳ ಮಾತು ಕಿವಿಯಿಂದ ಮೈಗೆ ಇಳಿದಿತ್ತು. ಅದಕ್ಕಾಗಿ ನಾನು ಇಂದಿಗೂ ಕೃತಜ್ಞ. ಆದರೆ ಆ ಸಹನೆಯ ಬೆನ್ನಿಗೆ ಸಣ್ಣದೊಂದು ಅಹಂಕಾರವೂ ಬೆಳೆದಿತ್ತೆಂಬುದನ್ನು ಅರಿಯಲು ನಾನು ಅರವತ್ತು ದಾಟಬೇಕಾಯಿತು. 2012ರಲ್ಲಿ ಮಗನ ಒತ್ತಾಯಕ್ಕೆ ಮಣಿದು ಒಂದು ಸಣ್ಣ ಕಾರು ಕೊಂಡೆವು. ಅದರಲ್ಲಿ ಎ.ಸಿ. ಇತ್ತು. ನಾನು ಅದರ ಗುಂಡಿಯನ್ನು ಮುಟ್ಟುತ್ತಿರಲಿಲ್ಲ. ಕಿಟಕಿ ಇಳಿಸಿದರೆ ದೇವರು ಕೊಟ್ಟ ಗಾಳಿ ಬರುತ್ತದೆ, ಪೆಟ್ರೋಲು ಸುಟ್ಟು ತಂಪು ಮಾಡಿಕೊಳ್ಳುವುದು ಭೋಗವಲ್ಲದೆ ಮತ್ತೇನು ಎನ್ನುತ್ತಿದ್ದೆ. ವರ್ಷದಲ್ಲಿ ನಾಲ್ಕೈದು ದಿನ, ಅದೂ ಮೊಮ್ಮಕ್ಕಳು ಬಂದಾಗ, ಅದು ಓಡಿದರೆ ಹೆಚ್ಚು.

2021ರ ಬೇಸಿಗೆಯಲ್ಲಿ ಮೊಮ್ಮಗ “ಅಜ್ಜಾ, ಬರೇ ಗಾಳಿ ಬರ್ತದ, ತಂಪs ಇಲ್ಲ” ಎಂದ. ಅಂಗಡಿಗೆ ಒಯ್ದೆ. ಅವರು ಗ್ಯಾಸ್ ಕಡಿಮೆಯಾಗಿದೆಯೆಂದು ತುಂಬಿಸಿ 1,800 ರೂಪಾಯಿ ಪಡೆದರು. ಗ್ಯಾಸ್ ಏಕೆ ಕಡಿಮೆಯಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. 2022ರಲ್ಲಿ ಮತ್ತೆ 1,800. 2023ರಲ್ಲಿ ಎರಡು ಸಲ, ಸಲಕ್ಕೆ ಎರಡು ಸಾವಿರ. ಸ್ಕೂಟರಿಗೆ ಪೆಟ್ರೋಲು ಹಾಕಿಸಿದಂತೆ ಕಾರಿಗೆ ಗ್ಯಾಸು, ಮುಗಿದರೆ ಮತ್ತೆ ತುಂಬಿಸುವುದು ಎಂದು ನಾನು ತಿಳಿದಿದ್ದೆ. ಭೋಗದ ವಸ್ತುವಿನ ಬಗ್ಗೆ ಹೆಚ್ಚು ತಿಳಿಯುವ ಅಗತ್ಯವೇನು ಎಂಬ ತಾತ್ಸಾರ ಒಳಗಿತ್ತು.

2023ರಲ್ಲಿ ಎರಡು ಸಲ ತುಂಬಿಸಬೇಕಾಗಿ ಬಂದುದಕ್ಕೆ ಕಾರಣವಿತ್ತು. ಆ ವರ್ಷದ ಆರಂಭದಿಂದ ನನ್ನ ಧರ್ಮಪತ್ನಿಗೆ ಡಯಾಲಿಸಿಸ್ ಶುರುವಾಗಿತ್ತು. ನಾವಿರುವುದು ಜೇವರ್ಗಿಯಲ್ಲಿ, ಆಕೆಯನ್ನು ನೋಡುವ ವೈದ್ಯರು ಕಲಬುರಗಿಯಲ್ಲಿ. ಸೋಮವಾರ ಮತ್ತು ಗುರುವಾರ ಹೋಗಿ ಬರಲು ಎಂಬತ್ತು ಕಿಲೋಮೀಟರು, ನಡುವೆ ನಾಲ್ಕು ತಾಸು ಯಂತ್ರದ ಬಳಿ. ಮೂತ್ರಪಿಂಡ ಕೆಲಸ ನಿಲ್ಲಿಸಿದವರು ಕುಡಿದ ನೀರು ದೇಹದಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೂ ಹೃದಯಕ್ಕೂ ಭಾರವಾಗುತ್ತದೆ. ಆದುದರಿಂದ ನೀರು ಅಳೆದು ಕುಡಿಯಬೇಕು. ಆಕೆಗೆ ವೈದ್ಯರು ಹೇಳಿದ್ದು ದಿನಕ್ಕೆ ಮುಕ್ಕಾಲು ಲೀಟರು. ಚಹಾ, ಸಾರು, ಮಜ್ಜಿಗೆ ಎಲ್ಲವೂ ಅದರಲ್ಲೇ ಲೆಕ್ಕ. ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ನಾಲ್ವತ್ತು ಡಿಗ್ರಿ ದಾಟುತ್ತದೆ. ಆರೋಗ್ಯವಂತನಿಗೆ ಬಾಯಾರಿದರೆ ತಂಬಿಗೆ ಎತ್ತಿ ಕುಡಿಯುತ್ತಾನೆ. ಆಕೆ ಒಂದು ಚಮಚ ನೀರನ್ನು ಬಾಯಲ್ಲಿ ಇಟ್ಟುಕೊಂಡು ಕುಳಿತಿರಬೇಕು. ಇಂಥವರಿಗೆ ತಂಪು ಗಾಳಿ ಭೋಗವಲ್ಲ, ಪಥ್ಯದ ಒಂದು ಭಾಗ. ಇದನ್ನು ವೈದ್ಯರು ನನಗೆ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ಅಷ್ಟೆ.

2024ರ ಏಪ್ರಿಲ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಮೂರರ ಸುಮಾರಿಗೆ ಡಯಾಲಿಸಿಸ್ ಮುಗಿಸಿ ಮರಳುತ್ತಿದ್ದೆವು. ಫರಹತಾಬಾದ್ ದಾಟಿದ ಮೇಲೆ ಬಾನೆಟ್ಟಿನ ಒಳಗಿಂದ ಹಂದಿ ಕಿರುಚಿದಂತಹ ಸದ್ದು ಬಂದಿತು. ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ಗಾಡಿ ನಿಲ್ಲಿಸಿ ನೋಡಿದರೆ ಬೆಲ್ಟಿನಿಂದ ಹೊಗೆ ಏಳುತ್ತಿತ್ತು. ಎ.ಸಿ. ಗುಂಡಿ ಆರಿಸಿದಾಗ ಸದ್ದು ನಿಂತಿತು. ಕಿಟಕಿ ಇಳಿಸಿ ಮುಂದೆ ಹೊರಟೆವು. ಒಳಗೆ ಬಂದದ್ದು ಗಾಳಿಯಲ್ಲ, ಒಲೆಯ ಬಾಯಿಯ ಝಳ. ಡಯಾಲಿಸಿಸ್ ಆದ ದಿನ ರಕ್ತದೊತ್ತಡ ಮೊದಲೇ ಇಳಿದಿರುತ್ತದೆ. ಬಿಸಿಲಿಗೆ ರಕ್ತನಾಳಗಳು ಹಿಗ್ಗಿ ಅದು ಇನ್ನೂ ಇಳಿಯುತ್ತದೆ. ಕಟ್ಟಿಸಂಗಾವಿಯ ಭೀಮಾ ಸೇತುವೆ ಹತ್ತಿರವಾಗುವಷ್ಟರಲ್ಲಿ ಆಕೆಯ ಕುತ್ತಿಗೆ ವಾಲಿತು, ಕರೆದರೆ ಉತ್ತರವಿಲ್ಲ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಮಲಗಿಸಿ, ಕಾಲುಗಳನ್ನು ಚೀಲದ ಮೇಲೆ ಎತ್ತರಿಸಿ, ಒದ್ದೆ ಬಟ್ಟೆಯಿಂದ ಮುಖ ಕೈ ಒರೆಸುತ್ತ ಕುಳಿತೆ. ಹೊಲದಿಂದ ಬಂದ ಒಬ್ಬ ತಾಯಿ ಸೆರಗಿನಿಂದ ಗಾಳಿ ಹಾಕಿದಳು. ಹತ್ತು ನಿಮಿಷಕ್ಕೆ ಆಕೆ ಕಣ್ಣು ತೆರೆದಾಗ ನನ್ನ ಕೈ ನಡುಗುತ್ತಿತ್ತು.

ಆ ರಾತ್ರಿ ಆಕೆ ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದಳು: “ಬಿಸಲು ತಡಕೊಳ್ಳೂದು ನಿಮಗ ಮಠದಾಗ ಕಲಿಸ್ಯಾರ. ನನಗ ಯಾರೂ ಕಲಿಸಿಲ್ರಿ.” ಅದರಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ಇಂದಿಗೂ ನನ್ನೊಳಗೆ ಉಳಿದಿದೆ. ನಾನು ಕಲಿತ ಸಹನೆಯ ಬೆಲೆಯನ್ನು ಇಷ್ಟು ವರ್ಷ ಆಕೆ ತೆತ್ತಿದ್ದಳು.

ಮರುದಿನವೇ ಕಾರನ್ನು ಕಲಬುರಗಿಗೆ ಒಯ್ದೆ. ಅಂಗಡಿಯವನು ಕಂಪ್ರೆಸರ್ ಜಾಮ್ ಆಗಿದೆಯೆಂದ. ಹೊಸದಕ್ಕೆ ಬಹಳ ದುಡ್ಡಾಗುತ್ತದೆ. ಹಳೆಯದನ್ನು ಬಿಚ್ಚಿ ಸರಿಮಾಡಿದ್ದು ಒಂದಿದೆ, ಗ್ಯಾಸು ಕೂಲಿ ಎಲ್ಲ ಸೇರಿ 13,500, ಸಂಜೆಯೊಳಗೆ ಕೊಡುತ್ತೇನೆ ಎಂದ. ಸೋಮವಾರ ಮತ್ತೆ ಆಸ್ಪತ್ರೆಗೆ ಹೋಗಬೇಕಾಗಿತ್ತು. ಸಂಜೆಯೊಳಗೆ ಎಂಬ ಒಂದು ಮಾತೇ ನನಗೆ ಸಾಕಾಯಿತು. ಇಪ್ಪತ್ಮೂರನೆಯ ದಿನ ಅದೂ ಕಿರುಚಿ ನಿಂತಿತು. ಪುಣ್ಯಕ್ಕೆ ಅಂದು ಬೆಳಗಿನ ಹೊತ್ತು, ಹೋಗುವ ದಾರಿ. ಅಂಗಡಿಯವನನ್ನು ಕೇಳಿದರೆ “ಒಳಗ ಕಸ ಇತ್ತು, ಅದಕ್ಕ ನಾವು ಜವಾಬ್ದಾರ ಅಲ್ಲ” ಎಂದ. ಕಸವಿದ್ದರೆ ತೆಗೆಯದೆ ಏಕೆ ಜೋಡಿಸಿದಿರಿ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ನ್ಯಾಯವಾಗಿ ನೋಡಿದರೆ ಆ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಾಗಿತ್ತು. ಮೊದಲು ತಾತ್ಸಾರದಿಂದ ಕಾರಣ ಕೇಳಲಿಲ್ಲ. ಆಮೇಲೆ ಪಶ್ಚಾತ್ತಾಪದ ಅವಸರದಲ್ಲಿ ಕೇಳಲಿಲ್ಲ.

ಮೂರನೆಯ ಬಾರಿ ಪರಿಚಿತರೊಬ್ಬರು ರಿಂಗ್ ರಸ್ತೆಯ ಬದಿಯಲ್ಲಿದ್ದ ಒಬ್ಬ ಮಿಸ್ತ್ರಿಯ ಹತ್ತಿರ ಕಳಿಸಿದರು. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ನಾನು ಕಂಪ್ರೆಸರ್ ಬದಲಿಸಬೇಕೆಂದು ಹೇಳಿದಾಗ ಅವರೆಂದರು: “ಕಂಪ್ರೆಸರ್ ಸತ್ತದ್ದು ಖರೆ ಸರ. ಕೊಂದವರು ಯಾರು ಅಂತ ನೋಡಬೇಕಲ್ರಿ?” ನಾನು ಸುಮ್ಮನಾದೆ. ಕಾರಣವನ್ನು ಬಿಡಿಸುವುದೇ ಚಿಕಿತ್ಸೆಯ ಸಾರವೆಂಬ ‘ನಿದಾನಪರಿವರ್ಜನ’ದ ತತ್ತ್ವವನ್ನು ಮಕ್ಕಳಿಗೆ ವಿವರಿಸಿದವನು ನಾನು. ಅದನ್ನು ಎಣ್ಣೆ ಬಳಿದ ಕೈಯ ಒಬ್ಬರು ನನ್ನ ಮುಂದೆ ಮಾಡಿ ತೋರಿಸುತ್ತಿದ್ದರು.

ಅವರು ಮೊದಲು ಯಂತ್ರದ ಮರ್ಮವನ್ನು ತಿಳಿಸಿದರು. ನಮ್ಮ ಮನೆಯ ಮಣ್ಣಿನ ಹರವಿಯನ್ನು ನೆನೆದರೆ ಅದು ಸುಲಭವಾಗಿ ಅರ್ಥವಾಗುತ್ತದೆ. ಹರವಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ, ಆದುದರಿಂದ ನೀರು ತಂಪು. ಕಾರಿನಲ್ಲಿ ನೀರಿನ ಬದಲು ಬೇರೊಂದು ದ್ರವವಿದೆ. ನಮ್ಮ ಕಾರಿನಲ್ಲಿರುವುದರ ಹೆಸರು ಆರ್-134ಎ. ಬಯಲಿನಲ್ಲಿಟ್ಟರೆ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಇದು ಆವಿಯಾಗುತ್ತ ಕಾರಿನ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಹರವಿಯ ಆವಿ ಗಾಳಿಯಲ್ಲಿ ಕಳೆದುಹೋಗುತ್ತದೆ. ಇಲ್ಲಿ ಹಾಗೆ ಬಿಡುವಂತಿಲ್ಲ, ಅದನ್ನು ಮತ್ತೆ ದ್ರವವಾಗಿಸಬೇಕು. ಆ ಕೆಲಸಕ್ಕೆ ಕಂಪ್ರೆಸರ್ ಬೇಕು. ಅದು ಆವಿಯನ್ನು ವಾತಾವರಣದ ಹದಿನೈದು ಪಟ್ಟಿನಷ್ಟು ಒತ್ತಡಕ್ಕೆ ಹಿಚುಕುತ್ತದೆ. ಆಗ ಅದರ ಶಾಖ ಅರವತ್ತು ಡಿಗ್ರಿಯನ್ನೂ ಮೀರುತ್ತದೆ. ಶಾಖವು ಹೆಚ್ಚು ಬಿಸಿಯಿಂದ ಕಡಿಮೆ ಬಿಸಿಗೆ ಮಾತ್ರ ಹರಿಯುತ್ತದೆ. ಹೊರಗೆ 42 ಡಿಗ್ರಿ ಇದ್ದರೂ ಅರವತ್ತರ ಮುಂದೆ ಅದು ತಂಪೇ. ಹೀಗೆ ಕಾರಿನ ಮುಂಭಾಗದ ಕಂಡೆನ್ಸರ್‌ನಲ್ಲಿ ಗಾಳಿಗೆ ಶಾಖವನ್ನು ಬಿಟ್ಟು, ದ್ರವವಾಗಿ, ಡ್ರೈಯರ್‌ನಲ್ಲಿ ತೇವ ಕಳೆದುಕೊಂಡು, ಎಕ್ಸ್‌ಪಾನ್ಶನ್ ವಾಲ್ವ್ ಎಂಬ ಸಣ್ಣ ರಂಧ್ರದ ಮೂಲಕ ಮತ್ತೆ ಕಾಯಿಲ್‌ಗೆ ಬರುತ್ತದೆ. ಗಾಣದ ಎತ್ತಿನಂತೆ ಅದೇ ದಾರಿ, ಅದೇ ಗ್ಯಾಸು. ವರ್ಷಗಳು ಕಳೆದರೂ ಅದು ಖರ್ಚಾಗುವ ವಸ್ತುವಲ್ಲ. ಸ್ಕೂಟರಿನ ಪೆಟ್ರೋಲಿನ ನನ್ನ ಹೋಲಿಕೆ ಅಲ್ಲಿಗೆ ಬಿದ್ದುಹೋಯಿತು. ಗ್ಯಾಸು ಬೇಗ ಬೇಗ ಕಡಿಮೆಯಾಗುತ್ತಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ.

ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು. ಕಂಪ್ರೆಸರಿಗೆ ಎಂಜಿನ್ನಿನಂತೆ ಬೇರೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಸಣ್ಣ ಲೋಟದಷ್ಟು ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತಿರುತ್ತದೆ. ಗ್ಯಾಸು ಸೋರಿದಾಗ ಎಣ್ಣೆಯೂ ಅಷ್ಟಷ್ಟು ಸೋರುತ್ತದೆ. ಮರಳಿ ಬರುವ ತಂಪು ಆವಿಯೇ ಕಂಪ್ರೆಸರಿನ ಮೈಯನ್ನೂ ತಣಿಸಬೇಕು. ಗ್ಯಾಸು ಕಡಿಮೆಯಾದರೆ ಅದೂ ಇಲ್ಲ. ನಾಲ್ಕು ಸಲ ನಾನು ಗ್ಯಾಸು ತುಂಬಿಸಿದ್ದೆ, ಒಮ್ಮೆಯೂ ಎಣ್ಣೆಯನ್ನು ಯಾರೂ ನೋಡಿರಲಿಲ್ಲ. ನೀರಿಲ್ಲದ ಬಾವಿಗೆ ಪಂಪು ಹಾಕಿದಂತೆ ಅದು ಒಣಗಿ ಒಣಗಿ ತಿರುಗಿತ್ತು.

ಆಮೇಲೆ ಅವರು ಕೊಳವೆಗಳನ್ನು ಬಿಚ್ಚಿ, ಒಂದು ಬಿಳಿಯ ಬಟ್ಟೆಯ ಮೇಲೆ ಎಣ್ಣೆಯನ್ನು ಬಗ್ಗಿಸಿದರು. ಜೇನಿನ ಬಣ್ಣಕ್ಕೆ ಇರಬೇಕಾದ ಎಣ್ಣೆ ಮಸಿಯಾಗಿತ್ತು. ಬಿಸಿಲಿಗೆ ಹಿಡಿದಾಗ ಅದರಲ್ಲಿ ಬೆಳ್ಳಿಯ ಪುಡಿಯಂತೆ ಏನೋ ಮಿನುಗಿತು. ಅದು ಸವೆದ ಅಲ್ಯೂಮಿನಿಯಂ. ಮೊದಲ ಕಂಪ್ರೆಸರ್ ಸಾಯುವಾಗ ಉಗುಳಿದ ಆ ಪುಡಿ ಇಡೀ ಕೊಳವೆಗಳಲ್ಲಿ ಹರಡಿತ್ತು. ಅದರ ನಡುವೆ ಎರಡನೆಯದನ್ನು ಕೂರಿಸಿದರೆ ಅದೂ ಮಣ್ಣು ಬಿದ್ದ ಬೀಸುವ ಕಲ್ಲಿನಂತಾಗದೆ ಇನ್ನೇನು? ಮುಂದೆ ಅವರು ಕೈದೀಪ ಹಿಡಿದು ಒಂದು ಕೊಳವೆಯ ಸಂಧಿಯನ್ನು ತೋರಿಸಿದರು. ಅಲ್ಲಿ ಮಾತ್ರ ಎಣ್ಣೆಯ ಜಿಡ್ಡಿಗೆ ಧೂಳು ಕೂತು ಕಪ್ಪು ಉಂಗುರವಾಗಿತ್ತು. ಒಳಗಿದ್ದ ರಬ್ಬರಿನ ಓ-ರಿಂಗ್ ಗಡಸಾಗಿ ಬಿರುಕು ಬಿಟ್ಟಿತ್ತು. ಬೆರಳಿಗೆ ಉಂಗುರವೂ ಆಗದಷ್ಟು ಸಣ್ಣದು; ಬೆಲೆ ಕೆಲವೇ ರೂಪಾಯಿ. “ಇದು ವಯಸ್ಸಿಗೆ ಹೋಗ್ತದ ಸರ. ಆದ್ರ ಎ.ಸಿ. ತಿಂಗಳಾನುಗಟ್ಟಲೆ ಹಚ್ಚದೆ ಬಿಟ್ರ ಎಣ್ಣಿ ತಾಗೂದಿಲ್ಲ, ಇನ್ನೂ ಲಗೂನ ಒಣಗ್ತದ” ಎಂದರು. ಆ ಮಾತು ನನಗೆ ನಾಟಿತು. ಹತ್ತು ವರ್ಷ ಗುಂಡಿ ಮುಟ್ಟದೆ ನಾನು ಕಾಪಾಡಿಕೊಂಡ ವೈರಾಗ್ಯ ಆ ಉಂಗುರವನ್ನು ಒಣಗಿಸಿತ್ತು.

ಇನ್ನು ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆ. ಕಂಪ್ರೆಸರ್ ಕೆಟ್ಟಿತೆಂದ ಕೂಡಲೆ ಅದನ್ನು ಬದಲಿಸಬೇಕೆಂದಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳಿದರು. ಕಂಪ್ರೆಸರಿನ ಮುಂದೆ ಒಂದು ಪುಲ್ಲಿ, ಅದರ ಮುಂದೆ ವಿದ್ಯುತ್ ಕಾಂತದ ಕ್ಲಚ್ ಇರುತ್ತದೆ. ಗುಂಡಿ ಒತ್ತಿದಾಗ ಕ್ಲಚ್ ‘ಟಕ್’ ಎಂದು ಅಂಟಿಕೊಂಡು ಕಂಪ್ರೆಸರನ್ನು ತಿರುಗಿಸುತ್ತದೆ. ಅಮೆರಿಕದ ಪ್ಯಾಕರ್ಡ್ ಕಂಪೆನಿ 1940ರ ತನ್ನ ಕಾರುಗಳಲ್ಲಿ ಮೊಟ್ಟಮೊದಲು ಎ.ಸಿ. ಕೊಟ್ಟಾಗ ಈ ಕ್ಲಚ್ ಇರಲಿಲ್ಲ. ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ, ಬಾನೆಟ್ ತೆರೆದು, ಬೆಲ್ಟನ್ನೇ ಕಳಚಬೇಕಾಗಿತ್ತು. ಇಂದು ಟಕ್ ಎಂಬ ಸದ್ದೇ ಬಾರದಿದ್ದರೆ ಮೊದಲು ನೋಡಬೇಕಾದದ್ದು ಫ್ಯೂಸು, ರಿಲೇ, ತಂತಿ, ಗ್ಯಾಸಿನ ಒತ್ತಡ. ಗ್ಯಾಸು ಬಹಳ ಕಡಿಮೆಯಾದರೆ ರಕ್ಷಣೆಗೆಂದೇ ಇಟ್ಟ ಒಂದು ಸ್ವಿಚ್ಚು ಕ್ಲಚ್ಚನ್ನು ತಡೆಯುತ್ತದೆ. ಕ್ಲಚ್ಚಿನ ಸುರುಳಿ ಸುಟ್ಟಿದ್ದರೆ ಅದೊಂದನ್ನೇ ಬದಲಿಸಬಹುದು. ಎ.ಸಿ. ಆರಿಸಿದಾಗಲೂ ಗರಗರ ಸದ್ದು ಬರುತ್ತಿದ್ದರೆ ಬಹುಮಟ್ಟಿಗೆ ಪುಲ್ಲಿಯ ಬೇರಿಂಗಿನದು. ಅದನ್ನೂ ಬೇರೆ ಹಾಕಬಹುದು. ಕಂಪ್ರೆಸರಿನ ಒಳಗೇ ಸವೆದು ಲೋಹದ ಪುಡಿ ಬಂದಿದ್ದರೆ ಮಾತ್ರ ದುರಸ್ತಿಯ ಮಾತಿಲ್ಲ. ಆಗ ಅದರ ಜೊತೆಗೆ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್‌ಗಳನ್ನೂ ಬದಲಿಸಬೇಕು. ಈಗಿನ ಕಂಡೆನ್ಸರಿನ ಒಳದಾರಿಗಳು ಕೂದಲೆಳೆಯಂತೆ ಸಣ್ಣ, ಎಷ್ಟು ತೊಳೆದರೂ ಪುಡಿ ಪೂರ್ತಿ ಹೋಗುವುದಿಲ್ಲ. ಉಳಿದ ಕೊಳವೆಗಳನ್ನೂ ಕಾಯಿಲನ್ನೂ ತೊಳೆದು ನೈಟ್ರೋಜನ್ ಅನಿಲದಿಂದ ಊದಿ ಒಣಗಿಸಬೇಕು.

ಲೆಕ್ಕ ಬರೆದುಕೊಟ್ಟರು: ಹೊಸ ಕಂಪ್ರೆಸರ್ 18,500, ಡ್ರೈಯರ್ ಸಹಿತ ಕಂಡೆನ್ಸರ್ 6,400, ವಾಲ್ವ್ 1,300, ಬೆಲ್ಟ್ 900, ಓ-ರಿಂಗುಗಳ ಕಟ್ಟು 300, ತೊಳೆಯುವುದು, ನೈಟ್ರೋಜನ್, ಎಣ್ಣೆ, ಗ್ಯಾಸು, ಕೂಲಿ ಸೇರಿ 7,200. ಒಟ್ಟು 34,600 ರೂಪಾಯಿ. ಪುಣೆಯಿಂದ ಮಗ ಫೋನಿನಲ್ಲಿ “ಅಪ್ಪಾ, ಹನ್ನೆರಡು ವರ್ಷದ ಗಾಡಿಗೆ ಇಷ್ಟು ಯಾಕ ಹಾಕ್ತೀರಿ, ಮಾರಿಬಿಡ್ರಿ” ಎಂದ. ಅವನ ಮಾತಿನಲ್ಲೂ ತಥ್ಯವಿತ್ತು. ಕಾಗದ ಹಿಡಿದು ಎಣಿಸಿದೆ. ವಾರಕ್ಕೆ ಎರಡರಂತೆ ವರ್ಷಕ್ಕೆ 104 ಪ್ರಯಾಣ. ಬಾಡಿಗೆ ಕಾರಿಗೆ ಸಲಕ್ಕೆ 1,800. ನಮ್ಮ ಕಾರಿಗೆ ಪೆಟ್ರೋಲು ಸುಮಾರು 500. ವ್ಯತ್ಯಾಸ 1,300. ಇಪ್ಪತ್ತೇಳು ಪ್ರಯಾಣಗಳಲ್ಲಿ, ಅಂದರೆ ಮೂರು ತಿಂಗಳ ಮೇಲೆ ಕೆಲವು ದಿನಗಳಲ್ಲಿ, ಖರ್ಚು ಮರಳುತ್ತದೆ. ಎಂಜಿನ್ ಗಟ್ಟಿಯಾಗಿತ್ತು, ತಳದಲ್ಲಿ ತುಕ್ಕಿರಲಿಲ್ಲ. ಮಾಡಿಸುವುದೆಂದು ನಿಶ್ಚಯಿಸಿದೆ. ಕಾರನ್ನು ಎಷ್ಟಕ್ಕೆ ಮಾರಬಹುದೆಂಬುದರ ಜೊತೆಗೆ, ಅದು ಮನೆಗೆ ಎಷ್ಟು ಅಗತ್ಯವೆಂಬುದನ್ನೂ ಎಣಿಸಬೇಕು. ಎಂಜಿನ್ನೇ ದಣಿದಿದ್ದರೆ, ಅಥವಾ ಕಾರು ತಿಂಗಳಿಗೊಮ್ಮೆ ಓಡುವುದಾಗಿದ್ದರೆ, ಮಗನ ಸಲಹೆಯೇ ಸರಿಯಾಗುತ್ತಿತ್ತು.

“ಮೂರು ದಿನ ಬೇಕು” ಎಂದರು ಮಿಸ್ತ್ರಿ. ಗುರುವಾರದೊಳಗೆ ಆಗಲೇಬೇಕೆಂದು ನಾನು ಹಟ ಹಿಡಿದೆ, ಆಕೆಯ ಸ್ಥಿತಿಯನ್ನು ವಿವರಿಸಿದೆ. ಅವರು ಕೇಳಿಕೊಂಡು ಹೇಳಿದರು: “ಅವಸರ ಮಾಡಿ ಕೊಟ್ರ ಅಕ್ಕಾರನ್ನ ಮತ್ತ ಅದs ದಾರ್ಯಾಗ ಕುಂಡ್ರಿಸಿದಂಗ ಆಗ್ತದ ಸರ. ಗುರುವಾರಕ್ಕ ಬಾಡಿಗಿ ಗಾಡಿ ಮಾಡ್ರಿ.” ಅವರ ಮಾತಿಗೆ ತಲೆಬಾಗಿದೆ. ಎಲ್ಲ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ, ಸಂಧಿಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ, ಗೇಜಿನ ಮುಳ್ಳನ್ನು ಗುರುತು ಹಾಕಿ ಇಡೀ ರಾತ್ರಿ ಬಿಟ್ಟರು. ಬೆಳಿಗ್ಗೆ ಮುಳ್ಳು ಇದ್ದಲ್ಲೇ ಇತ್ತು. ಆಮೇಲೆ ಪಂಪಿನಿಂದ ಮುಕ್ಕಾಲು ತಾಸು ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದರು. ಒತ್ತಡ ಇಳಿದಾಗ ನೀರು ಸಾಧಾರಣ ಶಾಖದಲ್ಲೇ ಆವಿಯಾಗಿ ಹೊರಬೀಳುತ್ತದೆ. ಅದು ಒಳಗುಳಿದರೆ ಗ್ಯಾಸು ಎಣ್ಣೆಗಳೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಕೊನೆಗೆ ಬಾನೆಟ್ಟಿನ ಕೆಳಗೆ ಕಂಪೆನಿಯವರು ಅಂಟಿಸಿದ್ದ ಚೀಟಿಯನ್ನು ಓದಿ, ಅದರಲ್ಲಿದ್ದಂತೆ ತಕ್ಕಡಿಯಲ್ಲಿ ತೂಗಿ 400 ಗ್ರಾಂ ಗ್ಯಾಸು ಹಾಕಿದರು. ಹೆಚ್ಚಾದರೂ ಕಂಪ್ರೆಸರಿಗೆ ಕೇಡು, ಕಡಿಮೆಯಾದರೂ ಕೇಡು. ಹಿಂದಿನ ನಾಲ್ಕು ಸಲದಲ್ಲಿ ನಾನು ತಕ್ಕಡಿಯನ್ನು ಕಂಡಿರಲಿಲ್ಲ.

ಅಂದು ಅವರು ಹೇಳಿದ ಇನ್ನೊಂದು ವಿಷಯವನ್ನು ಮನೆಗೆ ಬಂದು ಓದಿ ತಿಳಿದೆ. ಹಿಂದೆ ಕಾರುಗಳಲ್ಲಿ ಆರ್-12 ಎಂಬ ಗ್ಯಾಸು ಇರುತ್ತಿತ್ತು. ಇಂತಹ ಅನಿಲಗಳು ಮೇಲೇರಿ ಭೂಮಿಯ ಓಝೋನ್ ಪದರವನ್ನು ಕೆಡಿಸುತ್ತವೆಂದು ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ರಾಷ್ಟ್ರಗಳು ಅದನ್ನು ಕೈಬಿಡುತ್ತ ಬಂದವು. ಅದರ ಬದಲಿಗೆ ಬಂದ ಆರ್-134ಎ ಓಝೋನನ್ನು ಕೆಡಿಸುವುದಿಲ್ಲ. ಆದರೆ ಭೂಮಿಯ ತಾಪವನ್ನು ಏರಿಸುವುದರಲ್ಲಿ ಅದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಇಂತಹ ಅನಿಲಗಳನ್ನೂ ಕ್ರಮೇಣ ತಗ್ಗಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು, ಭಾರತವು 2021ರಲ್ಲಿ ಅದನ್ನು ಅಂಗೀಕರಿಸಿತು. ನಮ್ಮ ಕಾರಿನ 400 ಗ್ರಾಂ ಒಮ್ಮೆ ಸೋರಿದರೆ ಹೆಚ್ಚುಕಡಿಮೆ 250 ಲೀಟರು ಪೆಟ್ರೋಲು ಸುಟ್ಟಷ್ಟು ಹೊರೆ ಆಕಾಶಕ್ಕೆ. ಪೆಟ್ರೋಲು ಉಳಿಸಲೆಂದು ಎ.ಸಿ. ಹಚ್ಚದೆ ಇದ್ದವನು, ವರ್ಷ ವರ್ಷವೂ ಸೋರುವ ಗಡಿಗೆಗೆ ನೀರು ತುಂಬಿ ಮಾಡಿದ ಉಳಿತಾಯ ಇದು.

ಮನೆಮಂದಿಯ ಅನುಕೂಲಕ್ಕಾಗಿ ನಾನು ಕಲಿತದ್ದನ್ನು ಸಂಗ್ರಹಿಸಿ ಹೇಳುತ್ತೇನೆ. ಎ.ಸಿ. ತಂಪು ಕೊಡದಿದ್ದರೆ ಗ್ಯಾಸು ತುಂಬಿಸಿರೆಂದು ನೀವಾಗಿ ಹೇಳಬೇಡಿ. ಎಲ್ಲಿ ಸೋರುತ್ತಿದೆಯೆಂದು ಕೇಳಿ, ಸೋರಿದ ಜಾಗವನ್ನು ಕಣ್ಣಾರೆ ತೋರಿಸಲು ಹೇಳಿ. ಗ್ಯಾಸನ್ನು ಅಂದಾಜಿನ ಮೇಲೆ ಹಾಕದೆ ತೂಗಿ ಹಾಕುತ್ತಾರೆಯೇ, ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿದಿಡುತ್ತಾರೆಯೇ ಎಂದು ವಿಚಾರಿಸಿ. ಕಿರುಚುವ ಸದ್ದು ಅಥವಾ ಸುಟ್ಟ ವಾಸನೆ ಬಂದರೆ ತಕ್ಷಣ ಎ.ಸಿ. ಆರಿಸಿ. ಹಲವು ಕಾರುಗಳಲ್ಲಿ ಅದೇ ಬೆಲ್ಟು ಬ್ಯಾಟರಿ ತುಂಬುವ ಯಂತ್ರವನ್ನೂ ನೀರಿನ ಪಂಪನ್ನೂ ತಿರುಗಿಸುವುದರಿಂದ, ಅದು ಹರಿದರೆ ಕಾರೇ ನಿಲ್ಲುತ್ತದೆ. ಕಂಪ್ರೆಸರ್ ಬದಲಿಸಬೇಕೆಂದರೆ ಹಳೆಯ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ನೋಡದೆ ಒಪ್ಪಬೇಡಿ. ಡ್ರೈಯರ್ ಬದಲಿಸದೆ ಹೊಸ ಕಂಪ್ರೆಸರ್ ಕೂರಿಸುವವರ ಕಡಿಮೆ ದರಕ್ಕೆ ಮರುಳಾಗಬೇಡಿ. ಹಳೆಯ ಭಾಗಗಳನ್ನು ಮರಳಿ ಕೇಳಿ, ಗ್ಯಾರಂಟಿಯನ್ನು ರಶೀದಿಯಲ್ಲಿ ಬರೆಸಿ. ಕೊಳವೆಗಳನ್ನು ಮನೆಯಲ್ಲಿ ತಾವೇ ಬಿಚ್ಚುವ ಸಾಹಸ ಖಂಡಿತ ಬೇಡ. ಚಿಮ್ಮುವ ದ್ರವ ಕಣ್ಣನ್ನೂ ಚರ್ಮವನ್ನೂ ಹೆಪ್ಪುಗಟ್ಟಿಸಿ ಕೆಡಿಸುತ್ತದೆ. ಚಳಿಗಾಲವಿರಲಿ ಮಳೆಗಾಲವಿರಲಿ, ತಿಂಗಳಿಗೊಮ್ಮೆಯಾದರೂ ಹತ್ತು ನಿಮಿಷ ಎ.ಸಿ. ಓಡಿಸಿ. ಮನೆಯಲ್ಲಿ ಡಯಾಲಿಸಿಸ್ ರೋಗಿಗಳಿದ್ದರೆ, ಬೇಸಿಗೆಯ ಪ್ರಯಾಣದ ಹೊತ್ತನ್ನು ಬೆಳಗಿನ ಪಾಳಿಗೆ ಹೊಂದಿಸಿಕೊಡಲು ಆಸ್ಪತ್ರೆಯವರನ್ನು ಕೇಳಿ ನೋಡಿ. ನಾನು ಕೇಳಿದಾಗ ಅವರು ಒಪ್ಪಿದರು. ಅದನ್ನೂ ಒಂದು ವರ್ಷ ಮೊದಲೇ ಕೇಳಬಹುದಾಗಿತ್ತು.

ನಾಲ್ಕು ಸಲದ ಗ್ಯಾಸಿಗೆ 7,600, ಇಪ್ಪತ್ಮೂರು ದಿನದ ಕಂಪ್ರೆಸರಿಗೆ 13,500. ಹೀಗೆ ವ್ಯರ್ಥವಾದ 21,100 ರೂಪಾಯಿಗಳನ್ನು ನನ್ನ ಖರ್ಚಿನ ಪುಸ್ತಕದಲ್ಲಿ ‘ವಿದ್ಯಾಭ್ಯಾಸ’ದ ಕೆಳಗೆ ಬರೆದಿದ್ದೇನೆ. ಬೇವಿನ ಮರದ ಕೆಳಗಿನ ಆ ಹತ್ತು ನಿಮಿಷಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಪ್ರತಿ ಅಮಾವಾಸ್ಯೆಗೆ ಕಾರು ತೊಳೆದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ನಮ್ಮ ಮನೆಯ ರೂಢಿ. ಈಗ ಆ ದಿನ ಬಾನೆಟ್ ತೆರೆದು ಸಂಧಿಗಳ ಮೇಲೆ ಎಣ್ಣೆಯ ಜಿಡ್ಡು ಕಾಣುತ್ತದೆಯೇ ಎಂದು ನೋಡುತ್ತೇನೆ, ಹತ್ತು ನಿಮಿಷ ಎ.ಸಿ. ಹಚ್ಚುತ್ತೇನೆ. 2025ರ ಬೇಸಿಗೆಯನ್ನು ಆ ಕಂಪ್ರೆಸರ್ ಸದ್ದಿಲ್ಲದೆ ದಾಟಿಸಿತು. ಗ್ಯಾಸು ಒಂದು ಗ್ರಾಮೂ ತುಂಬಿಸಬೇಕಾಗಲಿಲ್ಲ. ಡಯಾಲಿಸಿಸ್ ಮುಗಿಸಿ ಬರುವಾಗ ಆಕೆ ಫರಹತಾಬಾದ್ ದಾಟುತ್ತಲೇ ನಿದ್ದೆ ಹೋಗುತ್ತಾಳೆ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ನಾನು ಗಾಡಿಯನ್ನು ತುಸು ನಿಧಾನ ಮಾಡುತ್ತೇನೆ, ನಿದ್ದೆ ಕೆಡಬಾರದೆಂದು.